ತಾಡಪತ್ರಿ ಯಂತ್ರಕ್ಕೆ ಯಾರ ದುಡ್ಡು?

ಸಂಡೂರಿನ ಗಣಿಯೊಂದರ ವೇಬ್ರಿಡ್ಜ್ ಪಕ್ಕದಲ್ಲಿ ನಿಂತು ನೋಡಿ. ಲೋಡಾದ ಲಾರಿಯ ನೆತ್ತಿಗೆ ಕ್ಲೀನರ್ ಹುಡುಗ ಹತ್ತುತ್ತಾನೆ, ಅದಿರಿನ ರಾಶಿಯ ಮೇಲೆ ಕಾಲೂರಿ ತಾಡಪತ್ರಿ ಎಳೆಯುತ್ತಾನೆ, ಇಳಿದು ಬಂದು ಸುತ್ತಲೂ ಹಗ್ಗ ಬಿಗಿಯುತ್ತಾನೆ. ಇದೇ ಕೆಲಸವನ್ನು ಕೆಳಗೆ ನಿಂತು ಒಂದು ಹಿಡಿಕೆ ತಿರುಗಿಸಿ ಮುಗಿಸುವ ಸಾಧನವನ್ನು ಹೊಸಪೇಟೆಯ ಯಾವುದೋ ವೆಲ್ಡಿಂಗ್ ಶೆಡ್ಡಿನಲ್ಲಿ ಒಬ್ಬ ಮಾಡಿದ ಎಂದುಕೊಳ್ಳೋಣ. ಹೊರದೇಶಗಳಲ್ಲಿ ಇಂಥವು ಇವೆ. ನಮ್ಮ ಟಿಪ್ಪರಿಗೆ, ನಮ್ಮ ದೂಳಿಗೆ, ನಮ್ಮ ಲಾರಿ ಮಾಲೀಕನ ಜೇಬಿಗೆ ಹೊಂದುವಂತೆ ಮಾಡುವುದರಲ್ಲಿ ಇವನ ಜಾಣತನವಿದೆ. ಕೈಕಸುಬಿಗಂತೂ ಈ ಸೀಮೆಯಲ್ಲಿ ಬರವಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ, ಅದರ ಜಾಗಕ್ಕೆ ತಾತ್ಕಾಲಿಕ ಗೇಟಿನ ತುಂಡುಗಳನ್ನು ಒಂದು ವಾರದೊಳಗೆ ಇಲ್ಲಿಯೇ ಮಾಡಿ ಕೂರಿಸಿದರು. ಬರ ಇರುವುದು ದುಡ್ಡಿಗೆ. ಅದಕ್ಕೇ ಯಂತ್ರ ಮಾಡಿದವನು ಕೇಳುವ ಮೊದಲ ಪ್ರಶ್ನೆ, ಹೂಡಿಕೆದಾರ ಎಲ್ಲಿ ಸಿಗುತ್ತಾನೆ ಎಂಬುದು. ಅದು ಎರಡನೆಯ ಪ್ರಶ್ನೆ ಎಂಬುದು ನನ್ನ ವಾದ. ಈ ಯಂತ್ರವನ್ನು ಎಷ್ಟು ಜನ ಕೊಳ್ಳುತ್ತಾರೆ ಎಂಬುದು ಮೊದಲನೆಯದು. ಯಾರ ದುಡ್ಡು ಇದಕ್ಕೆ ಸರಿ ಎಂಬುದು ಆ ಉತ್ತರದಿಂದಲೇ ತೀರ್ಮಾನವಾಗುತ್ತದೆ.

ಬಂಟ್ವಾಳ ತಾಲ್ಲೂಕು ಸಜಿಪಮೂಡದ ಗಣಪತಿ ಭಟ್ಟರ ಅಡಿಕೆ ಮರ ಹತ್ತುವ ಬೈಕನ್ನು ಮೊಬೈಲಿನಲ್ಲಿ ನೋಡದವರು ಕಡಿಮೆ. 2014ರಿಂದ ಪ್ರಯೋಗಕ್ಕೆ ಸುಮಾರು 40 ಲಕ್ಷ ರೂಪಾಯಿ ಖರ್ಚಾಗಿದೆ, 62,000 ರೂಪಾಯಿಯಂತೆ 300ಕ್ಕೂ ಹೆಚ್ಚು ಬೈಕು ಮಾರಾಟವಾಗಿವೆ ಎಂದು 2022ರ ಸುದ್ದಿಗಳು ಹೇಳಿದ್ದವು. ಒಟ್ಟು ವಹಿವಾಟು ಎರಡು ಕೋಟಿಯ ಆಸುಪಾಸು. ನೂರಕ್ಕೆ ಇಪ್ಪತ್ತು ಲಾಭ ಎಂದು ನಾನೇ ಧಾರಾಳವಾಗಿ ಊಹಿಸಿಕೊಂಡರೂ 37 ಲಕ್ಷದಿಂದ 40 ಲಕ್ಷ. ಪ್ರಯೋಗಕ್ಕೆ ಬಿದ್ದ ಆ 40 ಲಕ್ಷವನ್ನು ಒಬ್ಬ ಹೂಡಿಕೆದಾರ ಕಾಲು ಪಾಲಿಗೆ ಕೊಟ್ಟಿದ್ದರೆ ಎಂಟು ವರ್ಷದಲ್ಲಿ ಅವನ ಕೈಗೆ ಬರುತ್ತಿದ್ದುದು ಹತ್ತು ಲಕ್ಷದೊಳಗೆ. ತೋಟದವರಿಗೆ ವರವಾದ ಯಂತ್ರ ವೆಂಚರ್ ಫಂಡಿನವರ ಲೆಕ್ಕಕ್ಕೆ ನಷ್ಟದ ಬಾಬತ್ತು. ಇದರಲ್ಲಿ ಯಾರ ತಪ್ಪೂ ಇಲ್ಲ. ಆ ಫಂಡಿನ ಆಯುಸ್ಸು ಸಾಮಾನ್ಯವಾಗಿ ಏಳೆಂಟು, ಹೆಚ್ಚೆಂದರೆ ಹತ್ತು ವರ್ಷ. ಹತ್ತು ಕಡೆ ಹಾಕಿದ್ದರಲ್ಲಿ ಬಹುಪಾಲು ಮುಳುಗುತ್ತದೆಂದು ತಿಳಿದೇ ಹಾಕುತ್ತಾರೆ, ಉಳಿದ ಒಂದೆರಡು ಹತ್ತು ಪಟ್ಟು ಬೆಳೆದು ಎಲ್ಲದರ ನಷ್ಟ ತುಂಬಬೇಕು. ಕಂಪ್ಲಿಯ ಬಾಳೆದಿಂಡಿನಿಂದ ನಾರು ಬಿಡಿಸುವ ಯಂತ್ರ ಎಷ್ಟೇ ಚೆನ್ನಾಗಿರಲಿ, ಹತ್ತು ಪಟ್ಟು ಬೆಳೆಯಲು ಅಷ್ಟೊಂದು ಬಾಳೆತೋಟ ಬೇಡವೇ?

ಹೀಗೆಂದರೆ ಸಣ್ಣ ಮಾರುಕಟ್ಟೆಯ ಸಂಶೋಧಕ ಸಾಲದಲ್ಲೇ ಸಾಯಬೇಕೇ ಎಂಬ ಆಕ್ಷೇಪ ಬರುತ್ತದೆ. ಗಟ್ಟಿಯಾದ ಆಕ್ಷೇಪ, ಸಾಕ್ಷಿಯೂ ದೂರವಿಲ್ಲ: ಹೊಸಪೇಟೆಯಿಂದ ಹುಬ್ಬಳ್ಳಿಗೆ ಹೋಗುವ ರೈಲು ಹಾದುಹೋಗುವ ಅಣ್ಣಿಗೇರಿ. ಹುಣಸೆಹಣ್ಣಿನಿಂದ ಬೀಜ ಬಿಡಿಸುವ ಯಂತ್ರ, ಬಿತ್ತನೆ ಕೂರಿಗೆ ಮುಂತಾದವನ್ನು ಮಾಡಿದ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅದಕ್ಕೆ ಮೊದಲು ದಶಕಗಟ್ಟಲೆ ಸಾಲದ ಭಾರವೂ ಇತ್ತು. ಆದರೆ ಅವರಿಗೆ ಸಿಗದೇ ಹೋದದ್ದು ಪಾಲು ಕೇಳುವ ದುಡ್ಡಲ್ಲ, ಪ್ರಯೋಗ ಕೆಟ್ಟರೂ ವಾಪಸು ಕೇಳದ ದುಡ್ಡು ಎಂದು ನಾನು ಓದಿಕೊಳ್ಳುತ್ತೇನೆ. ಅವರು ಕೆಲಸ ಶುರುಮಾಡಿದ ಎಪ್ಪತ್ತರ ದಶಕದಲ್ಲಿ ಅಂಥದ್ದು ಇರಲಿಲ್ಲ. ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನ ಹುಟ್ಟಿದ್ದೇ 2000ದಲ್ಲಿ. ಈಗ ಅಂಥ ದುಡ್ಡು ಇದೆ. ಮಾದರಿ ಯಂತ್ರಕ್ಕೆ ಕೇಂದ್ರದ ನಿಧಿ-ಪ್ರಯಾಸ್ ಯೋಜನೆಯಲ್ಲಿ 10 ಲಕ್ಷದವರೆಗೆ, 2021ರ ಸ್ಟಾರ್ಟಪ್ ಇಂಡಿಯಾ ಬೀಜನಿಧಿಯಲ್ಲಿ 20 ಲಕ್ಷದವರೆಗೆ, ರಾಜ್ಯದ ಎಲಿವೇಟ್‌ನಲ್ಲಿ 50 ಲಕ್ಷದವರೆಗೆ ಅನುದಾನ. ಅರ್ಜಿ, ಸಂದರ್ಶನ, ಕಂತು ಎಂದು ತಿಂಗಳುಗಳು ಹಿಡಿಯುತ್ತವೆ, ನಿಜ. ಆದರೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಕೈಬಡ್ಡಿಯಲ್ಲಿ ಹತ್ತು ಲಕ್ಷ ಎತ್ತಿದವನಿಗೆ ವರ್ಷಕ್ಕೆ ಬಡ್ಡಿಯೇ 3 ಲಕ್ಷ 60 ಸಾವಿರ. ಆ ವೇಗಕ್ಕೆ ಹೋಲಿಸಿದರೆ ಸರ್ಕಾರದ ನಿಧಾನವೇ ಅಗ್ಗ.

ತಾಡಪತ್ರಿ ಯಂತ್ರದ ಲೆಕ್ಕ ಬೇರೆ. ಅದು ಸಂಡೂರಿನಲ್ಲಿ ನಡೆದರೆ ಒಡಿಶಾದ ಗಣಿಯಲ್ಲೂ ನಡೆಯುತ್ತದೆ, ಕಲ್ಲಿದ್ದಲಿಗೂ ಮರಳಿಗೂ ಆಗುತ್ತದೆ. ಇಲ್ಲಿ ಹೂಡಿಕೆದಾರನಿಗೆ ಕೆಲಸವಿದೆ. ಆದರೂ ಅವನಿಗಿಂತ ಮೊದಲು ಹೋಗಬೇಕಾದದ್ದು ಲಾರಿ ಮಾಲೀಕರ ಬಳಿಗೆ. ಹತ್ತು ಲಾರಿಗೆ ಮುಂಗಡ ಕೊಟ್ಟು ಹಾಕಿಸಿಕೊಂಡ ಒಬ್ಬ ಮಾಲೀಕನ ರಸೀದಿ, ಬೆಂಗಳೂರಿನ ಸಭೆಯಲ್ಲಿ ತೋರಿಸುವ ಐವತ್ತು ಸ್ಲೈಡಿಗಿಂತ ಭಾರ. ಮುಂಗಡದ ದುಡ್ಡಿಗೆ ಬಡ್ಡಿಯಿಲ್ಲ, ಪಾಲಿಲ್ಲ; ಜೊತೆಗೆ ಕಂಪನಿಯ ಬೆಲೆ ಕಟ್ಟುವಾಗ ಕೈ ಮೇಲಾಗುತ್ತದೆ. ಬರೀ ನಕ್ಷೆ ಹಿಡಿದು ಹೋದವನು 20 ಲಕ್ಷಕ್ಕೆ ನಾಲ್ಕಾಣೆ ಪಾಲು ಬಿಡಬೇಕಾದರೆ, ರಸೀದಿ ಹಿಡಿದವನು ಎರಡಾಣೆಯಲ್ಲಿ ಮುಗಿಸಬಹುದು. ಹೂಡಿಕೆದಾರ ದುಡ್ಡಷ್ಟೇ ತರುವುದಿಲ್ಲ, ಪರಿಚಯ, ಶಿಸ್ತು ತರುತ್ತಾನೆ ಎನ್ನುವವರ ಮಾತನ್ನೂ ಒಪ್ಪುತ್ತೇನೆ. ಹಾಗಾದರೆ ಅವನು ಹಿಂದೆ ದುಡ್ಡು ಹಾಕಿದ ಇಬ್ಬರ ಹತ್ತಿರ, ಅದರಲ್ಲೂ ಮುಳುಗಿದ ಒಬ್ಬನ ಹತ್ತಿರ, ಏನೇನು ತಂದ ಎಂದು ವಿಚಾರಿಸಿ.

ಊರಿನಲ್ಲೇ ದುಡ್ಡಿದ್ದವರು ಸಿಕ್ಕರೆ? ಗಣಿ ಭರಾಟೆಯಲ್ಲಿ ಲಾರಿಗೆ ದುಡ್ಡು ಹಾಕಿ ಗೆದ್ದವರೂ ಇದ್ದಾರೆ, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದಾಗ ಕಂತು ಕಟ್ಟಲಾಗದೆ ಕೂತವರೂ ಇದ್ದಾರೆ. ಅಪಾಯ ಎಂದರೇನೆಂದು ಇವರಿಗೆ ಬಿಡಿಸಿ ಹೇಳಬೇಕಿಲ್ಲ. ಷೇರಿನ ಬೆಲೆ ಹೆಚ್ಚಾಯಿತೆಂದು ಕಂಪನಿಗೆ ಬೀಳುತ್ತಿದ್ದ ಏಂಜೆಲ್ ತೆರಿಗೆಯನ್ನೂ 2024ರ ಬಜೆಟ್‌ನಲ್ಲಿ ತೆಗೆದರು. ಬಾಯಿಮಾತಿನ ‘ಅರ್ಧರ್ಧ’ ಮಾತ್ರ ಬೇಡ. 1932ರ ಪಾಲುದಾರಿಕೆ ಕಾಯ್ದೆಯಂತೆ ವ್ಯವಹಾರದ ಸಾಲಕ್ಕೆ ಪ್ರತಿ ಪಾಲುದಾರನೂ ಪೂರ್ತಿ ಹೊಣೆ, ಮನೆ ಹೊಲ ಸೇರಿ. ಪ್ರೈವೇಟ್ ಲಿಮಿಟೆಡ್ ಮಾಡಿ ಷೇರು ಕೊಡುವುದು ಇಬ್ಬರಿಗೂ ಕ್ಷೇಮ.

ತೋರಿಸಿದರೆ ಕದಿಯುತ್ತಾರೆ ಎಂಬ ಭಯಕ್ಕೆ ಮದ್ದು 1,600 ರೂಪಾಯಿ. ಒಬ್ಬ ವ್ಯಕ್ತಿ ಆನ್‌ಲೈನ್‌ನಲ್ಲಿ ತಾತ್ಕಾಲಿಕ ಪೇಟೆಂಟ್ ಅರ್ಜಿ ಹಾಕಲು ಅಷ್ಟೇ ಶುಲ್ಕ. ಪೂರ್ಣ ವಿವರ ಕೊಡಲು 12 ತಿಂಗಳ ಅವಕಾಶ ಸಿಗುತ್ತದೆ. ಅರ್ಜಿಗೆ ಮೊದಲೇ ವಿಡಿಯೊ ಮಾಡಿ ಊರಿಗೆಲ್ಲ ಹಂಚಿದರೆ ಹೊಸತು ಎನ್ನುವ ಹಕ್ಕೇ ಹೋಗಬಹುದು. ಪೇಟೆಂಟನ್ನು ಕಂಪನಿಯ ಹೆಸರಿಗೆ ಬರೆದುಕೊಡಿ ಎಂದು ಹೂಡಿಕೆದಾರ ಕೇಳುತ್ತಾನೆ, ಕೇಳುವುದು ನ್ಯಾಯವೇ. ಎರಡು ವರ್ಷ ತಯಾರಿಕೆ ನಿಂತರೆ ಅದು ವಾಪಸು ನನಗೆ ಎಂದು ಬರೆಸಿಕೊಳ್ಳುವುದೂ ಅಷ್ಟೇ ನ್ಯಾಯ. ಎರಡನೆಯ ಕಂತಿನ ಷರತ್ತನ್ನು ‘ಪ್ರಗತಿ ತೃಪ್ತಿಕರವಾದಲ್ಲಿ’ ಎಂದು ಬಿಡದೆ, ಒಂದು ಮಳೆಗಾಲ ಕಳೆದ ಮೇಲೂ, ಕೆಂಪು ಕೆಸರು ಹೊಕ್ಕ ಮೇಲೂ, ಹಿಡಿಕೆ ಸಲೀಸಾಗಿ ತಿರುಗುವ ಲಾರಿಗಳು ಇಷ್ಟು ಎಂದು ಅಂಕಿಯಲ್ಲೇ ನಮೂದಿಸಬೇಕು.