ಮೊದಲು ಹೂವು, ಆಮೇಲೆ ಹುಳಿ, ಜಿನ್ ಕೊನೆಗೆ

ಪುಟ್ಟೀ,

ಜುಲೈಯಲ್ಲಿ ಹೊಸ ಮನೆಗೆ ಸ್ನೇಹಿತರನ್ನು ಕರೆಯುತ್ತೇನೆ, ಅವತ್ತು ಎಲ್ಡರ್‌ಫ್ಲವರ್ ಮತ್ತು ಹುಳಿ ಬೆರಿ ಹಾಕಿದ ಕಾಕ್‌ಟೇಲ್ ನಾನೇ ಮಾಡಬೇಕು, ಹೇಳಿಕೊಡಿ ಅತ್ತೆ ಅಂದೆಯಲ್ಲ. ಫೋನಿನಲ್ಲಿ ಹೇಳಿದರೆ ಅಳತೆಗಳು ಮರೆತುಹೋಗುತ್ತವೆ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಎಲ್ಲಕ್ಕಿಂತ ಮೊದಲು ಒಂದು ಮಾತು. ಜಿನ್ ಬಾಟಲಿ ಕಪಾಟಿನಲ್ಲೇ ಇರಲಿ. ಹೂವಿನ ಪಾಕ, ಹಣ್ಣಿನ ರಸ, ನಿಂಬೆ, ಸೋಡಾ, ಇಷ್ಟರಿಂದಲೇ ಇದು ರುಚಿಯಾದ ಪಾನಕವಾಗಬೇಕು. ಆದ ಮೇಲೆ, ಬೇಕೆಂದವರ ಪಾಲಿಗೆ ಜಿನ್. ಪಾನಕವೇ ಸರಿಯಾಗಿಲ್ಲದಿದ್ದರೆ ಎಷ್ಟು ದುಬಾರಿ ಜಿನ್ ಸುರಿದರೂ ನಾಲಿಗೆಗೆ ಸಿಗುವುದು ಬರೀ ಸಿಹಿ ಮತ್ತು ಒಗರು.

ಇನ್ನೊಂದು, ಹಬ್ಬ ಜುಲೈಯಲ್ಲಾದರೂ ಕೆಲಸ ಈಗಲೇ ಶುರುವಾಗಬೇಕು. ಎಲ್ಡರ್ ಗಿಡ ಇಂಗ್ಲೆಂಡಿನಲ್ಲಿ ಹೂ ಬಿಡುವುದು ಮೇ ಕೊನೆಯಿಂದ ಜೂನ್ ಮುಗಿಯುವವರೆಗೆ. ಕೆಂಪು ಕರೆಂಟ್ ಎಂಬ ಹುಳಿ ಬೆರಿ ಹಣ್ಣಾಗುವುದು ಜುಲೈಯಲ್ಲಿ. ಹೂವು ಹಣ್ಣಿಗಾಗಿ ಕಾಯುವುದಿಲ್ಲ, ಅದನ್ನು ನಾವೇ ಪಾಕ ಮಾಡಿ ಹಣ್ಣು ಬರುವವರೆಗೆ ಇಟ್ಟುಕೊಳ್ಳಬೇಕು. ಈ ಪಾಕವನ್ನೇ ಇಲ್ಲಿನವರು ಕಾರ್ಡಿಯಲ್ ಅನ್ನುತ್ತಾರೆ.

ಗಿಡ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ಯಾರ್ಕ್‌ಷೈರಿನಲ್ಲಿ ಕಾಲುವೆಯ ದಂಡೆ, ಹೊಲದ ಬೇಲಿ, ಹಳೆಯ ಗೋಡೆಯ ಬದಿ, ಮೊಲದ ಬಿಲಗಳಿರುವ ದಿಬ್ಬ, ಎಲ್ಲ ಕಡೆಯೂ ಇದೆ. ಆದರೆ ಗುರುತು ಹಿಡಿಯುವುದರಲ್ಲಿ ಅವಸರ ಬೇಡ. ಎಲ್ಡರ್ ಕಟ್ಟಿಗೆಯಿರುವ ಗಿಡ, ಆಳೆತ್ತರಕ್ಕೂ ಮೇಲೆ ಬೆಳೆಯುತ್ತದೆ. ತೊಗಟೆ ಬೆಂಡುಬೆಂಡಾಗಿ ಬಿರುಕು ಬಿಟ್ಟಿರುತ್ತದೆ. ಒಂದು ಎಲೆಯಲ್ಲಿ ಐದೋ ಏಳೋ ಚಿಕ್ಕ ಎಲೆಗಳು, ಎಲೆಗಳು ಕೊಂಬೆಯ ಮೇಲೆ ಎದುರುಬದುರಾಗಿ ಕೂತಿರುತ್ತವೆ. ಎಲೆ ಉಜ್ಜಿದರೆ ಮೂಗಿಗೆ ಹಿತವಲ್ಲದ ವಾಸನೆ. ಹೂಗೊಂಚಲು ಅಗಲವಾಗಿ, ಚಪ್ಪಟೆಯಾಗಿ ಹರಡಿರುತ್ತದೆ. ಪ್ರತಿ ಪುಟ್ಟ ಹೂವಿಗೆ ಕೆನೆ ಬಣ್ಣದ ಐದು ಎಸಳು, ಹಳದಿ ತುದಿಯ ಐದು ಕೇಸರ. ಇದೇ ಹೊತ್ತಿಗೆ ಬೇಲಿಯ ಬುಡದಲ್ಲಿ ಬಿಳಿ ಕೊಡೆ ಬಿಚ್ಚಿದಂತೆ ಹೂ ಬಿಡುವ ಬೇರೆ ಗಿಡಗಳೂ ಇರುತ್ತವೆ. ಅವುಗಳಲ್ಲಿ ಹೆಮ್ಲಾಕ್ ಪ್ರಾಣ ತೆಗೆಯುವಂಥದು. ಅದಕ್ಕೆ ಕಟ್ಟಿಗೆ ಇರುವುದಿಲ್ಲ, ಕಾಂಡ ಟೊಳ್ಳು, ಮೇಲೆ ನೇರಳೆ ಬಣ್ಣದ ಕಲೆಗಳು, ಎಲೆ ಕೊತ್ತಂಬರಿ ಜಾತಿಯ ಸೀಳೆಲೆ. ಜೈಂಟ್ ಹಾಗ್‌ವೀಡ್ ಎಂಬ ಇನ್ನೊಂದರ ಹಾಲು ಮೈಗೆ ತಾಗಿ ಬಿಸಿಲು ಬಿದ್ದರೆ ಚರ್ಮ ಸುಟ್ಟು ಬೊಕ್ಕೆ ಏಳುತ್ತದೆ. ಮೊದಲ ಸಲ ನಾನೂ ನಿನ್ನ ಜೊತೆ ಬರುತ್ತೇನೆ. ಫೋಟೋ ನೋಡಿ ಒಬ್ಬಳೇ ಕೀಳಲು ಹೋಗಬೇಡ.

ಇದು ಕಳ್ಳತನವಲ್ಲವೇ ಅಂತ ನಿನ್ನ ಮನೆಯಲ್ಲಿರುವ ಹುಡುಗಿ ಕೇಳಿದಳಂತೆ. ಇಂಗ್ಲೆಂಡಿನ 1968ರ ಥೆಫ್ಟ್ ಆಕ್ಟ್ ಪ್ರಕಾರ, ತಾನಾಗಿ ಬೆಳೆದ ಕಾಡುಗಿಡದ ಹೂವು, ಹಣ್ಣು, ಎಲೆಗಳನ್ನು ಮಾರಾಟಕ್ಕಲ್ಲದೆ ಮನೆಯ ಬಳಕೆಗೆ ಕಿತ್ತರೆ ಅದು ಕಳ್ಳತನವಲ್ಲ. ಹಾಗೆಂದು ಒಬ್ಬರ ಹೊಲಕ್ಕೆ ನುಗ್ಗುವಂತಿಲ್ಲ. ಪಾರ್ಕಿನಲ್ಲಾದರೆ ಬಾಗಿಲಲ್ಲಿ ಬರೆದು ಹಾಕಿರುವ ನಿಯಮ ಓದಿಕೊ.

ಎರಡು ದಿನ ಮಳೆ ಬಾರದೆ, ಬಿಸಿಲು ಬಿದ್ದ ಬೆಳಿಗ್ಗೆ ಹೊರಡು. ಇಬ್ಬನಿ ಆರಿರಬೇಕು. ಗೊಂಚಲಿನ ಹೆಚ್ಚಿನ ಮೊಗ್ಗು ಅರಳಿ, ಒಂದೆರಡು ಇನ್ನೂ ಮುಚ್ಚಿಕೊಂಡಿದ್ದರೆ ಸರಿಯಾದ ಹದ. ಮೂಗು ಹತ್ತಿರ ಹಿಡಿದರೆ ಮಸ್ಕಟ್ ದ್ರಾಕ್ಷಿ ಮತ್ತು ಜೇನಿನ ವಾಸನೆ ಬರಬೇಕು. ಕಂದು ತಿರುಗಿದ ಗೊಂಚಲು ಬೆಕ್ಕಿನ ಉಚ್ಚೆಯ ವಾಸನೆ ಹೊಡೆಯುತ್ತದೆ, ಅಂಥದೊಂದು ಸೇರಿದರೂ ಇಡೀ ಪಾತ್ರೆ ಹಾಳು. ಕಾರು ಓಡಾಡುವ ರಸ್ತೆ ಬದಿಯದು ಬೇಡ, ನಾಯಿ ಕರೆದೊಯ್ಯುವ ದಾರಿಯಲ್ಲಿ ಸೊಂಟದ ಕೆಳಗಿನದೂ ಬೇಡ. ಒಂದು ಗಿಡದಿಂದ ನಾಲ್ಕೈದು ಗೊಂಚಲು ಸಾಕು. ನೀನು ಕಿತ್ತ ಪ್ರತಿ ಗೊಂಚಲೂ ಸೆಪ್ಟೆಂಬರಿನಲ್ಲಿ ಹಕ್ಕಿಗಳಿಗೆ ಕಪ್ಪು ಹಣ್ಣಾಗಬೇಕಿದ್ದದ್ದು. ಈ ಗಿಡದೊಳಗೆ ಒಬ್ಬ ತಾಯಿ ಇದ್ದಾಳೆ, ಅವಳನ್ನು ಕೇಳದೆ ಕೊಂಬೆ ಕಡಿಯಬಾರದು ಎಂಬ ನಂಬಿಕೆ ಇಂಗ್ಲೆಂಡಿನ ಹಳ್ಳಿಗಳಲ್ಲೂ ಡೆನ್ಮಾರ್ಕಿನಲ್ಲೂ ಇತ್ತು. ಹೊತ್ತು ಮುಳುಗಿದ ಮೇಲೆ ತುಳಸಿ ಮುಟ್ಟಬೇಡ ಅಂತ ಕೇಳುತ್ತಲೇ ಬೆಳೆದವಳು ನೀನು, ನಿನಗೆ ಇದು ಹೊಸದೆನಿಸಲಾರದು.

ಮನೆಗೆ ತಂದ ಹೂವನ್ನು ತೊಳೆಯಬೇಡ. ಪರಿಮಳ ಇರುವುದು ಪರಾಗದಲ್ಲಿ, ತೊಳೆದರೆ ನೀರಿನ ಜೊತೆ ಹೋಯಿತು. ಬಿಳಿ ಬಟ್ಟೆಯ ಮೇಲೆ ಒಂದು ಗಂಟೆ ಹರಡಿದರೆ ಪುಟ್ಟ ಹುಳುಗಳು ತಾವೇ ಇಳಿದು ಹೋಗುತ್ತವೆ, ಆಮೇಲೆ ಮೆಲ್ಲಗೆ ಕೊಡವು. ಹಸಿರು ದಂಟನ್ನೆಲ್ಲ ಕತ್ತರಿಸಿ ತೆಗೆ. ಇದು ರುಚಿಗಾಗಿ ಮಾತ್ರ ಹೇಳುತ್ತಿರುವುದಲ್ಲ. ಎಲ್ಡರ್ ಗಿಡದ ಎಲೆ, ದಂಟು, ತೊಗಟೆ, ಹಸಿ ಕಾಯಿಗಳಲ್ಲಿ ಹೊಟ್ಟೆಯೊಳಗೆ ಸಯನೈಡ್ ಬಿಡುವ ಅಂಶ ಇದೆ. 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಲೆ ದಂಟುಗಳ ಸಮೇತ ಹಿಂಡಿದ ಹಸಿ ಎಲ್ಡರ್‌ಬೆರಿ ರಸ ಕುಡಿದವರು ವಾಂತಿಯಾಗಿ ಆಸ್ಪತ್ರೆ ಸೇರಿದ್ದರು. ಹಾಗಾಗಿ ಶರತ್ಕಾಲದಲ್ಲಿ ಅದೇ ಗಿಡದ ಕಪ್ಪು ಹಣ್ಣು ಕಂಡಾಗ ಹಸಿಯಾಗಿ ಬಾಯಿಗೆ ಹಾಕಿಕೊಳ್ಳಬೇಡ, ಅದನ್ನು ಬೇಯಿಸಿಯೇ ತಿನ್ನಬೇಕು. ನಮ್ಮ ಕಾಕ್‌ಟೇಲಿನ ಬೆರಿ ಬೇರೆ, ಹೂವು ಮಾತ್ರ ಇದರದು.

ಇಪ್ಪತ್ತು ಗೊಂಚಲಿಗೆ ಒಂದು ಲೀಟರ್ ನೀರು, ಒಂದು ಕಿಲೋ ಸಕ್ಕರೆ, ಮೇಣ ಸವರದ ಮೂರು ನಿಂಬೆ, 50 ಗ್ರಾಂ ಸಿಟ್ರಿಕ್ ಆಸಿಡ್. ನೀರಿನಲ್ಲಿ ಸಕ್ಕರೆ ಕರಗಿ ಒಂದು ಕುದಿ ಬಂದರೆ ಸಾಕು, ಎಳೆಪಾಕದವರೆಗೆ ಹೋಗಬೇಡ. ಒಲೆಯಿಂದ ಇಳಿಸಿ, ಹಬೆ ತಗ್ಗಿ ಬೆಚ್ಚಗಾದ ಮೇಲೆ ಹೂವು, ತುರಿದ ನಿಂಬೆ ಸಿಪ್ಪೆ, ಬಿಲ್ಲೆ ಮಾಡಿದ ನಿಂಬೆ, ಸಿಟ್ರಿಕ್ ಆಸಿಡ್ ಹಾಕಿ ಮುಚ್ಚಿಡು. ಕೊತಕೊತ ಕುದಿಯುವ ಪಾಕ ಸುರಿದರೆ ಹೂವು ಬೆಂದು, ಪರಿಮಳ ಅಡುಗೆಮನೆಯ ಗಾಳಿಗೆ ಹೋಗುತ್ತದೆ. ಒಂದು ದಿನ ಹಾಗೇ ಬಿಟ್ಟು ತೆಳು ಮಲ್ ಬಟ್ಟೆಯಲ್ಲಿ ಸೋಸು. ಹಿಂಡಬೇಡ, ತಾನಾಗಿ ಇಳಿಯಲಿ. ಸುಮಾರು ಒಂದೂವರೆ ಲೀಟರ್ ಸಿಗುತ್ತದೆ. ಸಿಟ್ರಿಕ್ ಆಸಿಡ್ ಇಲ್ಲದೆ ನಿಂಬೆಯಲ್ಲೇ ಮಾಡಬಹುದು, ಆದರೆ ಆಗ ಅದು ಜುಲೈವರೆಗೆ ತಾಳುವುದಿಲ್ಲ.

ಬಾಟಲಿಯನ್ನು ಕುದಿನೀರಿನಲ್ಲಿ ಚೊಕ್ಕ ಮಾಡಿ ತುಂಬಿಸಿ ಫ್ರಿಜ್ಜಿನಲ್ಲೇ ಇಡು. ಇನ್ನೂ ನೆಮ್ಮದಿ ಬೇಕೆಂದರೆ ಪ್ಲಾಸ್ಟಿಕ್ ಬಾಟಲಿಯಲ್ಲಿ ಮೇಲೆ ನಾಲ್ಕು ಬೆರಳು ಜಾಗ ಬಿಟ್ಟು ಫ್ರೀಜರ್‌ಗೆ ಹಾಕು. ಹೂವಿನ ಮೇಲೆ ತಾನಾಗಿ ಯೀಸ್ಟ್ ಇರುತ್ತದೆ. ಬೆಚ್ಚಗಿನ ಕಪಾಟಿನಲ್ಲಿ ಗಾಜಿನ ಬಾಟಲಿಗೆ ಬಿಗಿ ಬಿರಡೆ ಹಾಕಿಟ್ಟರೆ ಒಳಗೇ ಹುದುಗಿ ಬಾಟಲಿ ಸಿಡಿಯಬಹುದು. ಬೇಕೆಂದೇ ಹಾಗೆ ಹುದುಗಿಸಿದ ನೊರೆಪಾನೀಯವೂ ಇಲ್ಲಿನ ಹಳ್ಳಿಗಳದೇ, ಮನೆಗಳಲ್ಲಿ ಅದಕ್ಕೆ ಎಲ್ಡರ್‌ಫ್ಲವರ್ ಶಾಂಪೇನ್ ಅನ್ನುತ್ತಾರೆ. ಆ ಹೆಸರಿಟ್ಟು ಅಂಗಡಿಯಲ್ಲಿ ಮಾರಿದ್ದಕ್ಕೆ ಫ್ರಾನ್ಸಿನ ಶಾಂಪೇನ್ ತಯಾರಕರು ಕೋರ್ಟಿಗೆ ಹೋಗಿ 1993ರಲ್ಲಿ ಗೆದ್ದರು. ನೀನು ಮಾತ್ರ ಆ ಹುದುಗಿಸುವ ಗೊಡವೆಗೆ ಈ ವರ್ಷ ಹೋಗಬೇಡ.

ಇಷ್ಟೆಲ್ಲ ಬಿಡುವಿಲ್ಲದಿದ್ದರೆ ಅಂಗಡಿಯ ಕಾರ್ಡಿಯಲ್ ತಂದುಕೊ, ಸಂಕೋಚ ಬೇಡ. ಬೀವರ್ ಹೆಸರಿನದು 1984ರಲ್ಲಿ ಒಂದು ಮನೆಯ ಅಡುಗೆಮನೆಯಲ್ಲೇ ಶುರುವಾದದ್ದು. ಆದರೆ 2007ರಲ್ಲಿ ಬಂದ ಸೇಂಟ್ ಜರ್ಮೈನ್ ಬಾಟಲಿಯನ್ನು ಕಾರ್ಡಿಯಲ್ ಅಂತ ತಿಳಿದು ತರಬೇಡ. ಅದರಲ್ಲಿ ಶೇಕಡಾ 20 ಆಲ್ಕೋಹಾಲ್ ಇದೆ. ಅದನ್ನು ಹಾಕಿದರೆ ಕುಡಿಯದವರ ಲೋಟ ಬೇರೆಯೇ ಮಾಡಬೇಕಾಗುತ್ತದೆ, ನಾನು ಬೇಡವೆನ್ನುವುದು ಅದಕ್ಕೇ.

ಈಗ ಹಣ್ಣಿನ ಮಾತು. ಹೂವಿನ ಕಂಪು ತೆಳು, ಸಿಹಿಯಲ್ಲಿ ಬೇಗ ಮುಳುಗುತ್ತದೆ. ಹುಳಿ ಇದ್ದರೆ ಮಾತ್ರ ಮೇಲೆದ್ದು ಬರುತ್ತದೆ. ಸ್ಟ್ರಾಬೆರಿ ಹಾಕಿದರೆ ಬಣ್ಣ ಚೆಂದ, ಪಾನೀಯ ಪೇಲವ. ಬ್ಲಾಕ್‌ಕರೆಂಟ್ ಹುಳಿಯೇನೋ ಇದೆ, ಆದರೆ ಅದರ ಗಾಢ ವಾಸನೆಯ ಮುಂದೆ ಹೂವು ಕಾಣಿಸುವುದೇ ಇಲ್ಲ. ಇಂಗ್ಲಿಷ್ ಮನೆಗಳ ಹಳೆಯ ಜೋಡಿಯೆಂದರೆ ಹಸಿರು ಗೂಸ್‌ಬೆರಿ ಮತ್ತು ಎಲ್ಡರ್‌ಫ್ಲವರ್, ಹಣ್ಣು ಬೇಯುವ ಪಾತ್ರೆಗೇ ಒಂದು ಗೊಂಚಲು ಇಳಿಬಿಡುತ್ತಾರೆ. ನಮ್ಮ ಯಾರ್ಕ್‌ಷೈರಿನ ಎಗ್ಟನ್ ಬ್ರಿಜ್ ಹಳ್ಳಿಯಲ್ಲಿ 1800ರಿಂದ ಗೂಸ್‌ಬೆರಿ ಸ್ಪರ್ಧೆ ನಡೆಯುತ್ತಿದೆ, ಅತಿ ಭಾರದ ಕಾಯಿಗೆ ಬಹುಮಾನ. ಆಗಸ್ಟ್ ಮೊದಲ ವಾರ ಹೋಗಿಬರೋಣ, ನೋಡಲೇಬೇಕಾದದ್ದು. ಆದರೆ ಗೂಸ್‌ಬೆರಿ ಬೇಯಿಸಿದರೆ ಪೆಕ್ಟಿನ್ ಹೆಚ್ಚಿರುವುದರಿಂದ ತಣ್ಣಗಾದಾಗ ಜಾಮಿನ ಹಾಗೆ ಗಟ್ಟಿಯಾಗುತ್ತದೆ. ಮೊದಲ ಸಲಕ್ಕೆ ನಿನಗೆ ಕೆಂಪು ಕರೆಂಟೇ ವಾಸಿ. ಬೇಯಿಸುವ ಕೆಲಸವೇ ಇಲ್ಲ.

ಅರ್ಧ ಕಿಲೋ ಕೆಂಪು ಕರೆಂಟನ್ನು ತೊಟ್ಟಿನಿಂದ ಬಿಡಿಸಿ, ತೊಳೆದು, ಒಂದು ರಾತ್ರಿ ಫ್ರೀಜರಿನಲ್ಲಿಡು. ಒಳಗಿನ ನೀರು ಹೆಪ್ಪುಗಟ್ಟಿ ಹಣ್ಣಿನ ಒಡಲು ಸೀಳುತ್ತದೆ, ಕರಗಿದಾಗ ರಸ ತಾನಾಗಿ ಬಿಡುತ್ತದೆ. ಮರುದಿನ ಬಟ್ಟಲಿಗೆ ಹಾಕಿ ಎರಡು ದೊಡ್ಡ ಚಮಚ ಸಕ್ಕರೆ ಬೆರೆಸಿ ಮುಚ್ಚಿಡು. ಶಿರಸಿಯ ಮನೆಯಲ್ಲಿ ನಿನ್ನ ಅಜ್ಜಿ ಮುರುಗಲು ಸಿಪ್ಪೆಗೆ ಸಕ್ಕರೆ ಹಾಕಿ ಭರಣಿಯಲ್ಲಿ ಇಡುತ್ತಿದ್ದರಲ್ಲ, ಕೆಂಪು ರಸ ತಾನಾಗಿ ಇಳಿಯುತ್ತಿತ್ತಲ್ಲ, ಇದೂ ಅದೇ. ಅಲ್ಲಿ ದಿನಗಟ್ಟಲೆ, ಇಲ್ಲಿ ಕೆಲವು ಗಂಟೆ. ಆಮೇಲೆ ಸೌಟಿನ ಬೆನ್ನಿನಿಂದ ಒತ್ತಿ ಜರಡಿಯಲ್ಲಿ ಸೋಸು. ಬೀಜ ಜಜ್ಜಬೇಡ, ಮಿಕ್ಸಿಗೂ ಹಾಕಬೇಡ, ಕಹಿ ಬಿಡುತ್ತದೆ. ಹತ್ತು ಲೋಟಕ್ಕೆ ಸಾಲುವಷ್ಟು ರಸ ಬರುತ್ತದೆ.

ಒಂದು ಲೋಟಕ್ಕೆ 25 ಮಿ.ಲೀ. ಕರೆಂಟ್ ರಸ, 25 ಮಿ.ಲೀ. ಕಾರ್ಡಿಯಲ್, 20 ಮಿ.ಲೀ. ಆಗತಾನೆ ಹಿಂಡಿದ ನಿಂಬೆರಸ. ಅಷ್ಟು ಕಾರ್ಡಿಯಲಿನಲ್ಲೇ ಸುಮಾರು 15 ಗ್ರಾಂ ಸಕ್ಕರೆ ಇರುತ್ತದೆ, ಬೇರೆ ಸಕ್ಕರೆ ಪಾಕ ಹಾಕುವ ಮಾತೇ ಇಲ್ಲ. ಮುಚ್ಚಳ ಬಿಗಿಯಾದ ಜಾಮ್ ಬಾಟಲಿಯೇ ಶೇಕರ್, ಹೊಸದು ಕೊಳ್ಳಬೇಡ. ಬಾಟಲಿ ತುಂಬ ಐಸ್ ಹಾಕಿ, ಕೈಗೆ ಚಳಿ ಹತ್ತುವವರೆಗೆ ಜೋರಾಗಿ ಅಲುಗಿಸು. ಐಸಿನಲ್ಲಿ ಜಿಪುಣತನ ಮಾಡಿದರೆ ಅದು ಬೇಗ ಕರಗಿ ಪಾನೀಯ ನೀರಾಗುತ್ತದೆ, ಹೆಚ್ಚಿದ್ದರೆ ಕರಗುವುದು ನಿಧಾನ. ಹೊಸ ಐಸ್ ಇರುವ ಲೋಟಕ್ಕೆ ಸೋಸಿ, ಮೇಲೆ 100 ಮಿ.ಲೀ. ತಣ್ಣನೆಯ ಸೋಡಾ. ಸೋಡಾ ಯಾವತ್ತೂ ಶೇಕರ್ ಒಳಗೆ ಹೋಗಬಾರದು. ಈಗ ರುಚಿ ನೋಡು. ಮೊದಲ ಗುಟುಕಿಗೆ ದವಡೆಯ ಮೂಲೆ ಜುಮ್ಮೆನ್ನಬೇಕು, ನುಂಗಿದ ಮೇಲೆ ಹೂವು ಮೂಗಿಗೆ ಬರಬೇಕು. ಹೂವು ಬಾರದಿದ್ದರೆ ಇನ್ನಷ್ಟು ಕಾರ್ಡಿಯಲ್ ಸುರಿಯುವ ಮನಸ್ಸಾಗುತ್ತದೆ. ಮೊದಲು ನಾಲ್ಕು ಹನಿ ನಿಂಬೆ ಹಾಕಿ ನೋಡು.

ಇದು ಸರಿಯಾದ ಮೇಲೆ, ಜಿನ್ ಬೇಕಾದವರಿಗೆ ಅಲುಗಿಸುವಾಗಲೇ ಬಾಟಲಿಗೆ 25 ಮಿ.ಲೀ. ಸೇರಿಸು. ಲಂಡನ್ ಡ್ರೈ ಎಂದು ಬರೆದ ಸಾಧಾರಣ ಜಿನ್ ಸಾಕು, ಹಣ್ಣಿನ ಪರಿಮಳ ಬೆರೆಸಿದ ಬಣ್ಣದ ಜಿನ್‌ಗಳು ಇಲ್ಲಿ ಗಲಾಟೆ ಮಾಡುತ್ತವೆ. ಇದರ ಮೂಲ ರಚನೆ ಗೊತ್ತಾಗಬೇಕಾದರೆ ಬ್ರಾಂಬಲ್ ಎಂಬ ಕಾಕ್‌ಟೇಲ್ ಒಮ್ಮೆ ಕುಡಿದು ನೋಡು. ಡಿಕ್ ಬ್ರಾಡ್‌ಸೆಲ್ ಎಂಬ ಬಾರ್‌ಟೆಂಡರ್ 1980ರ ದಶಕದಲ್ಲಿ ಲಂಡನ್ನಿನ ಸೋಹೊದಲ್ಲಿ ಮಾಡಿದ್ದು. ಬಾಲ್ಯದಲ್ಲಿ ಐಲ್ ಆಫ್ ವೈಟ್ ದ್ವೀಪದಲ್ಲಿ ಕಿತ್ತು ತಿಂದ ಬ್ಲಾಕ್‌ಬೆರಿಯ ನೆನಪಿನಲ್ಲಿ ಜಿನ್, ನಿಂಬೆ, ಸಕ್ಕರೆ ಪಾಕ, ಬ್ಲಾಕ್‌ಬೆರಿ ಲಿಕರ್ ಸೇರಿಸಿದ. ನಾವು ಸಕ್ಕರೆಯ ಜಾಗದಲ್ಲಿ ಹೂವು ಇಟ್ಟಿದ್ದೇವೆ.

ಅಳೆಯದೆ ಸುರಿಯಬೇಡ. ಶೇಕಡಾ 40 ಆಲ್ಕೋಹಾಲಿನ ಜಿನ್ 25 ಮಿ.ಲೀ. ಅಂದರೆ ಇಲ್ಲಿನ ಲೆಕ್ಕದಲ್ಲಿ ಒಂದು ಯೂನಿಟ್. ವಾರಕ್ಕೆ 14 ಯೂನಿಟ್ ದಾಟಬೇಡಿ ಅಂತ ಬ್ರಿಟನ್ನಿನ ಮುಖ್ಯ ವೈದ್ಯಾಧಿಕಾರಿಗಳು 2016ರಿಂದ ಗಂಡಸರಿಗೂ ಹೆಂಗಸರಿಗೂ ಒಂದೇ ಮಿತಿ ಹೇಳಿದ್ದಾರೆ. ಕಣ್ಣಳತೆಯಲ್ಲಿ ಸುರಿದರೆ ಒಂದು ಎರಡಾಗುವುದು ಗೊತ್ತೇ ಆಗುವುದಿಲ್ಲ, ಹುಳಿ ಸಿಹಿಯ ಅಡಿಯಲ್ಲಿ ಅದು ನಾಲಿಗೆಗೂ ತಿಳಿಯುವುದಿಲ್ಲ. ಕಾರಿನಲ್ಲಿ ಬಂದವರಿಗೆ ಜಿನ್ ಇಲ್ಲದ್ದನ್ನೇ ಕೊಡು, ಒತ್ತಾಯ ಮಾಡಿದರೂ ಜಗ್ಗಬೇಡ.

ಜಿನ್ ಬೇಡವೆಂದವರನ್ನು ಯಾಕೆ ಅಂತ ಕೇಳಬೇಡ, ಮಗಳೇ. ಒಬ್ಬಳು ಬಸುರಿ ಇರಬಹುದು, ಇನ್ನೂ ಯಾರಿಗೂ ಹೇಳಿರುವುದಿಲ್ಲ. ಒಬ್ಬನಿಗೆ ಔಷಧಿ, ಒಬ್ಬನಿಗೆ ವ್ರತ, ಒಬ್ಬನಿಗೆ ಬಿಟ್ಟ ಚಟ. ಅದೇ ಲೋಟ, ಅದೇ ಐಸ್, ಅದೇ ಕೆಂಪು, ಅಂಚಿಗೆ ಅದೇ ನಾಲ್ಕು ಹಣ್ಣಿನ ಗೊಂಚಲು. ಯಾರ ಕೈಯಲ್ಲಿ ಯಾವುದಿದೆ ಅಂತ ನಿನಗೆ ಬಿಟ್ಟು ಬೇರೆ ಯಾರಿಗೂ ತಿಳಿಯದಂತೆ ಕೊಡು. ಲೋಟಗಳು ಅದಲುಬದಲಾಗದಂತೆ ಎರಡೂ ಬೇರೆ ಟ್ರೇಯಲ್ಲಿರಲಿ, ಜಿನ್ ಇರುವ ಟ್ರೇ ನಿನ್ನ ಕೈಯಲ್ಲೇ ಇರಲಿ. ನನಗೂ ಜಿನ್ ಇಲ್ಲದ್ದನ್ನೇ ಕೊಡು, ರಾತ್ರಿ ಮಾತ್ರೆ ಇದೆ.

ಈ ಶನಿವಾರ ಮಳೆಯಿಲ್ಲದಿದ್ದರೆ ಹತ್ತು ಗಂಟೆಗೆ ಕಾಲುವೆ ಸೇತುವೆಯ ಹತ್ತಿರ ಬಾ. ಕತ್ತರಿ, ಅಗಲವಾದ ಬುಟ್ಟಿ, ಹಳೆಯ ಪಂಚೆಯ ತುಂಡು ನಾನು ತರುತ್ತೇನೆ. ಪ್ಲಾಸ್ಟಿಕ್ ಚೀಲ ತರಬೇಡ, ಹೂವು ಬೆವರುತ್ತದೆ. ಕರೆಂಟ್ ಹಣ್ಣು ಅಂಗಡಿಯಲ್ಲಿ ಕೊಳ್ಳಬೇಡ, ನಮ್ಮ ಹಿತ್ತಿಲಿನ ಗಿಡಕ್ಕೆ ಬಲೆ ಕಟ್ಟಿದ್ದೇನೆ, ಜುಲೈ ಹೊತ್ತಿಗೆ ಹಕ್ಕಿಗಳದೂ ನಮ್ಮದೂ ಪಾಲು ಆಗುತ್ತದೆ. ಬರುವಾಗ ಸಿಟ್ರಿಕ್ ಆಸಿಡ್ ಮಾತ್ರ ಮರೆಯದೆ ತಾ.