ಊರಿನ ಚರಿತ್ರೆಗೆ ಕಡತಗಳ ಸಾಕ್ಷ್ಯ

ನಾಡಿನ ಚರಿತ್ರೆಯು ಅರಸರ ವಂಶಾವಳಿ ಹಾಗೂ ಯುದ್ಧಗಳ ವರ್ಣನೆಗಳಿಂದ ಮಾತ್ರವೇ ಪೂರ್ಣವಾಗುವುದಿಲ್ಲ. ಕೆರೆಯನ್ನು ಕಟ್ಟಿಸಿದವರು, ಕೇರಿಗಳಲ್ಲಿ ಬಾಳಿದವರು, ಛತ್ರ ಶಾಲೆಗಳಿಗೆ ಭೂಮಿಯನ್ನಿತ್ತವರು, ಇವರೆಲ್ಲರ ವೃತ್ತಾಂತವೂ ಕೂಡಿದಾಗಲೇ ಅದು ಜನಚರಿತ್ರೆಯೆನಿಸುತ್ತದೆ. ಇಂಥ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಹಿರಿಯರ ಬಾಯಿಮಾತನ್ನೇ ನೆಚ್ಚುತ್ತಾರೆ. ಬಾಯಿಮಾತು ಬೆಲೆಯುಳ್ಳದ್ದೇ ಸರಿ. ಆದರೆ ಅದಕ್ಕೆ ಇಸವಿಯ ಕಟ್ಟಿಲ್ಲ. ಕಾಲ, ಎಲ್ಲೆ, ಸಂಖ್ಯೆ, ಹೆಸರು ಎಂಬ ನಾಲ್ಕನ್ನೂ ಖಚಿತಪಡಿಸಲು ಸರ್ಕಾರಿ ಕಡತಗಳನ್ನೇ ಆಶ್ರಯಿಸಬೇಕು. ಮೈಸೂರು ನಗರದ ಮಟ್ಟಿಗೆ ಈ ಸಾಮಗ್ರಿಯು ಹೇರಳವಾಗಿದೆ. ಎಲ್ಲಿ ಏನು ದೊರೆಯುತ್ತದೆ, ದೊರೆತುದನ್ನು ಹೇಗೆ ಓದಬೇಕು ಎಂಬ ಅರಿವು ಮಾತ್ರ ಅವಶ್ಯಕ.

ಜನಗಣತಿಯ ವರದಿಗಳು

ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಕ್ರಮಬದ್ಧವಾದ ಜನಗಣತಿಯು ನಡೆದು, ಅನಂತರ ಹತ್ತು ವರ್ಷಗಳಿಗೊಮ್ಮೆ ಮುಂದುವರಿಯಿತು. 1931ರ ಗಣತಿಯ ವರದಿಯನ್ನು ಸಿದ್ಧಪಡಿಸಿದ ಅಧಿಕಾರಿಗಳು ಕನ್ನಡದ ಹಿರಿಯ ಸಾಹಿತಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರೇ ಎಂಬುದು ಸ್ಮರಣೀಯ.

ಈ ವರದಿಗಳ ಅಂಕಿಗಳು ಉತ್ತರವನ್ನು ಕೊಡುವುದಕ್ಕಿಂತ ಹೆಚ್ಚಾಗಿ ಪ್ರಶ್ನೆಯನ್ನು ಎತ್ತಿಕೊಡುತ್ತವೆ. ಮೈಸೂರು ನಗರದ ಜನಸಂಖ್ಯೆ 1891ರಲ್ಲಿ 74,048, 1901ರಲ್ಲಿ 68,111, 1911ರಲ್ಲಿ 71,306. ಬೆಳೆಯಬೇಕಾಗಿದ್ದ ರಾಜಧಾನಿಯು ಹತ್ತು ವರ್ಷಗಳಲ್ಲಿ ಸುಮಾರು ಆರು ಸಾವಿರ ಜನರನ್ನು ಕಳೆದುಕೊಂಡುದೇಕೆ? 1898ರಲ್ಲಿ ಸಂಸ್ಥಾನವನ್ನು ಹೊಕ್ಕ ಪ್ಲೇಗು ಮಾರಿಯೇ ಇದಕ್ಕೆ ಮುಖ್ಯ ಕಾರಣ. ಹಾಗೆಂದು ಕಡಿಮೆಯಾದವರೆಲ್ಲರೂ ಮೃತರಾದರೆಂದು ಬರೆದರೆ ಅದು ಅಪಚಾರವಾದೀತು. ಭಯದಿಂದ ಊರು ತೊರೆದವರೂ ಈ ಲೆಕ್ಕದಲ್ಲಿ ಅಡಗಿರುತ್ತಾರೆ. ಆದುದರಿಂದ ಸಂಶೋಧಕನು ಅಂಕಿಯಿಂದ ಪುರಸಭೆಯ ಮತ್ತು ಆರೋಗ್ಯ ಇಲಾಖೆಯ ವರದಿಗಳಿಗೆ ಸಾಗಬೇಕು. ಅಲ್ಲಿಂದ 1903ರಲ್ಲಿ ಸ್ಥಾಪಿತವಾದ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯ ಕಾಗದಪತ್ರಗಳಿಗೆ ಬಂದರೆ, ಇಕ್ಕಟ್ಟಾದ ಕೇರಿಗಳ ಊರು ಅಗಲವಾದ ಬೀದಿಗಳ ಬಡಾವಣೆಗಳಾಗಿ ಹರಡಿದ ಕಥೆಯು ತೆರೆದುಕೊಳ್ಳುತ್ತದೆ.

ಗಣತಿಯನ್ನು ಬಳಸುವಾಗ ಮೂರು ಎಚ್ಚರಿಕೆಗಳು ಅಗತ್ಯ. ಮೊದಲನೆಯದು ಎಲ್ಲೆಯ ವಿಷಯ. 1939ರಲ್ಲಿ ಮಂಡ್ಯ, 1997ರಲ್ಲಿ ಚಾಮರಾಜನಗರ ಜಿಲ್ಲೆಗಳು ಮೈಸೂರು ಜಿಲ್ಲೆಯಿಂದ ಬೇರ್ಪಟ್ಟವು. ಇದನ್ನು ಮರೆತು ಜಿಲ್ಲೆಯ ಅಂಕಿಗಳನ್ನು ಹೋಲಿಸಿದರೆ ಇಲ್ಲದ ಕ್ಷಾಮವನ್ನೇ ಸೃಷ್ಟಿಸಿದಂತಾಗುತ್ತದೆ. ಎರಡನೆಯದು ಜಾತಿಗಳ ಪಟ್ಟಿ. 1931ರವರೆಗಿನ ವರದಿಗಳಲ್ಲಿ ಜಾತಿವಾರು ಕೋಷ್ಟಕಗಳಿವೆ. 1951ರಿಂದ 2011ರವರೆಗಿನ ಗಣತಿಗಳಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಮಾತ್ರ ಅವು ಸೀಮಿತವಾದವು. ಹಳೆಯ ಕೋಷ್ಟಕಗಳಲ್ಲಿಯೂ ಒಂದೇ ಸಮುದಾಯವು ದಶಕದಿಂದ ದಶಕಕ್ಕೆ ಬೇರೆ ಶೀರ್ಷಿಕೆಯಡಿ ಸೇರಿರುವುದುಂಟು. ಮೂರನೆಯದು, 1948ರ ಜನಗಣತಿ ಕಾಯಿದೆಯ ಪ್ರಕಾರ ಮನೆಮನೆಯ ವಿವರಗಳ ಹಾಳೆಗಳು ಗೋಪ್ಯ. ಮನೆತನದ ಹೆಸರನ್ನು ಅಲ್ಲಿ ಅರಸುವುದು ವ್ಯರ್ಥ. ಊರಿನ ಮೊತ್ತವನ್ನು ಅರಸುವವರಿಗೆ 1951ರಿಂದ ಪ್ರಕಟವಾದ ಜಿಲ್ಲಾ ಗಣತಿ ಕೈಪಿಡಿಗಳು ಅಮೂಲ್ಯವಾದ ನೆರವು.

ಭೂಮಿ ಮತ್ತು ನ್ಯಾಯ

ಮನೆತನದ ಹೆಸರು ದೊರೆಯುವುದು ಭೂದಾಖಲೆಗಳಲ್ಲಿ. ಸಂಸ್ಥಾನದ ಕಂದಾಯ ಮೋಜಣಿಯು 1863ರಲ್ಲಿ ಆರಂಭವಾಯಿತು. ಅದರ ಫಲವಾದ ಗ್ರಾಮ ನಕಾಶೆ, ಟಿಪ್ಪಣಿ, ಆಕಾರ್‌ಬಂದ್, ಪಹಣಿಗಳು ಒಂದೊಂದು ಸರ್ವೆ ನಂಬರಿಗೂ ಜೀವನಚರಿತ್ರೆಯನ್ನು ಒದಗಿಸುತ್ತವೆ. ಪಡುವಾರಹಳ್ಳಿ, ಕುಕ್ಕರಹಳ್ಳಿಗಳಂತೆ ಹಿಂದೆ ಗ್ರಾಮಗಳಾಗಿದ್ದು ಇಂದು ನಗರದಲ್ಲಿ ಲೀನವಾಗಿರುವ ಸ್ಥಳಗಳ ಚರಿತ್ರೆಗೆ ಇವೇ ತಳಹದಿ. ದೇವಸ್ಥಾನ, ಮಠ, ಛತ್ರಗಳ ಭೂಮಿಗೆ ಇನಾಂ ದಾಖಲೆಗಳನ್ನೂ, 1954 ಮತ್ತು 1955ರ ಇನಾಂ ರದ್ದಿಯಾತಿ ಕಾಯಿದೆಗಳಡಿ ನಡೆದ ವಿಚಾರಣೆಯ ಕಡತಗಳನ್ನೂ ನೋಡತಕ್ಕದ್ದು.

ದಾನ ಕ್ರಯಗಳ ಪತ್ರಗಳಿಗೆ ಉಪನೋಂದಣಾಧಿಕಾರಿಗಳ ಕಚೇರಿಯೇ ಆಕರ. 1908ರ ನೋಂದಣಿ ಕಾಯಿದೆಯ ಮೇರೆಗೆ ಸ್ಥಿರಾಸ್ತಿಗೆ ಸಂಬಂಧಿಸಿದ ಒಂದನೆಯ ಪುಸ್ತಕವನ್ನೂ ಅದರ ಸೂಚಿಯನ್ನೂ ನಿಗದಿತ ಶುಲ್ಕವನ್ನು ತೆತ್ತು ಯಾರು ಬೇಕಾದರೂ ಪರಿಶೀಲಿಸಬಹುದು. ಉಯಿಲುಗಳ ಪುಸ್ತಕಕ್ಕೆ ಈ ಸೌಲಭ್ಯವಿಲ್ಲ. ಎಲ್ಲೆಗಳನ್ನು ಹೇಳಿ, ಸಾಕ್ಷಿಗಳನ್ನು ಹೆಸರಿಸಿ, ದಾನದ ಉದ್ದೇಶವನ್ನು ಸಾರುವ ಇಂದಿನ ದಾನಪತ್ರವು ಹಿಂದಿನ ಶಿಲಾಶಾಸನದ ನೇರ ವಾರಸುದಾರನೆನ್ನಬಹುದು. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳನ್ನು ಓದಿದವರಿಗೆ ಈ ಸಾಮ್ಯವು ಸುಲಭವಾಗಿ ಗೋಚರಿಸುತ್ತದೆ.

1884ರಲ್ಲಿ ಸ್ಥಾಪಿತವಾದ ಚೀಫ್ ಕೋರ್ಟು 1930ರಲ್ಲಿ ಹೈಕೋರ್ಟಾಯಿತು. ಅದರ ತೀರ್ಪುಗಳಲ್ಲಿ ವಂಶವೃಕ್ಷ, ಉತ್ತರಾಧಿಕಾರ, ರೂಢಿಗಳ ವಿವರಗಳು ತುಂಬಿವೆ. ಆದರೆ ವಾದಿ ಪ್ರತಿವಾದಿಗಳು ಹೇಳಿಕೊಂಡುದು ಬೇರೆ, ನ್ಯಾಯಾಲಯವು ಸಿದ್ಧವಾಯಿತೆಂದು ಅಂಗೀಕರಿಸಿದುದು ಬೇರೆ. ಇವೆರಡನ್ನೂ ಬೆರೆಸುವ ಬರಹವು ಚರಿತ್ರೆಯಾಗಲಾರದು. ಹಳೆಯ ವ್ಯಾಜ್ಯವನ್ನು ಮತ್ತೆ ಹೊತ್ತಿಸೀತು.

ಜನರ ದನಿ

ಅಧಿಕಾರಿಗಳ ಬರಹದಲ್ಲಿ ಪ್ರಜೆಗಳ ದನಿಯು ಕ್ಷೀಣ. ಆ ಕೊರತೆಯನ್ನು ತುಂಬಿಕೊಡುವುದು ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆ. ದಸರೆಯ ಸಂದರ್ಭದಲ್ಲಿ ಮೈಸೂರಿನಲ್ಲಿ ಕೂಡುತ್ತಿದ್ದ ಈ ಸಭೆಯ ನಡವಳಿಗಳಲ್ಲಿ ದಿವಾನರ ಭಾಷಣದೊಡನೆ ಪ್ರತಿನಿಧಿಗಳ ಅಹವಾಲುಗಳೂ, ಅವುಗಳಿಗೆ ಸರ್ಕಾರವಿತ್ತ ಉತ್ತರಗಳೂ ಅಚ್ಚಾಗಿವೆ.

ಸಂಸ್ಥಾನದ ಕಡತಗಳನ್ನು ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿಯೂ ಅದರ ಮೈಸೂರು ವಿಭಾಗೀಯ ಕಚೇರಿಯಲ್ಲಿಯೂ ಅರಸಬೇಕು. ಮೈಸೂರಿನ ಈ ಕಚೇರಿಯು ಅರಮನೆಯ ಸಂಗೀತಗಾರರು, ನಟರು ಮತ್ತು ಕಲಾವಿದರಿಗೆ ಸಂಬಂಧಿಸಿದ ದಾಖಲೆಗಳನ್ನು ಆಯ್ದು 1993ರಲ್ಲಿ ಗ್ರಂಥರೂಪದಲ್ಲಿ ಹೊರತಂದಿದೆ. ಕಚೇರಿಗಳಲ್ಲಿಯೇ ಉಳಿದಿರುವ ಕಡತಗಳಿಗೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಸಲ್ಲಿಸಬಹುದು. ಅರ್ಜಿಯಲ್ಲಿ ಗ್ರಾಮ, ಹೋಬಳಿ, ಸರ್ವೆ ನಂಬರು, ಇಸವಿಗಳು ಸ್ಪಷ್ಟವಾಗಿದ್ದರೆ ಮಾತ್ರ ಫಲ ದೊರೆತೀತು. ದೊರೆತ ಪ್ರತಿಯೊಂದು ವಿವರದೊಡನೆ ಕಡತದ ಸಂಖ್ಯೆ, ದಿನಾಂಕ, ಪುಟಗಳನ್ನು ಗುರುತು ಹಾಕಿಕೊಳ್ಳುವುದು ಸಂಶೋಧಕನ ಧರ್ಮ.

ಶಾಲೆಯ ಕಪಾಟು

ದೂರದ ಪತ್ರಾಗಾರವನ್ನು ಅರಸುವವರು ಹತ್ತಿರದ ಕಪಾಟನ್ನು ಮರೆಯಬಾರದು. ಹಳೆಯ ಶಾಲೆಯೊಂದರ ದಾಖಲಾತಿ ಪುಸ್ತಕದಲ್ಲಿ ವಿದ್ಯಾರ್ಥಿಯ ಊರು, ತಂದೆಯ ಹೆಸರು, ಕಸುಬುಗಳಿರುತ್ತವೆ. ಯಾವ ಹಳ್ಳಿಯಿಂದ ಮೊದಲ ಅಕ್ಷರಸ್ಥನು ಯಾವಾಗ ಬಂದನು, ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲನ್ನು ಎಂದು ಹತ್ತಿದರು ಎಂಬುದನ್ನು ಯಾವ ಗಣತಿಯೂ ಇಷ್ಟು ಸ್ಪಷ್ಟವಾಗಿ ಹೇಳಲಾರದು. ದಾನಿಗಳ ಪತ್ರಗಳು, ಆಡಳಿತ ಮಂಡಳಿಯ ನಡವಳಿ ಪುಸ್ತಕಗಳು, ಉಚಿತ ವಿದ್ಯಾರ್ಥಿನಿಲಯದ ಹಾಜರಿ ಮತ್ತು ದವಸದ ಲೆಕ್ಕಗಳು ಇವೂ ಚರಿತ್ರೆಯ ಆಕರಗಳೇ.

ಇವುಗಳಿಗೆ ಗೆದ್ದಲೂ ತೇವವೂ ಪರಮಶತ್ರುಗಳು. ಅವಕ್ಕಿಂತ ದೊಡ್ಡ ಶತ್ರು, ಹಳೆಯ ಕಾಗದವೆಂದು ತೂಕಕ್ಕೆ ಹಾಕುವ ಉದಾಸೀನ. ಅಧ್ಯಾಪಕರು ಪಟ್ಟಿಯನ್ನು ಸಿದ್ಧಪಡಿಸಲಿ. ಹಳೆಯ ವಿದ್ಯಾರ್ಥಿಗಳು ತಮ್ಮಲ್ಲಿರುವ ಪತ್ರ ಭಾವಚಿತ್ರಗಳ ಪ್ರತಿಗಳನ್ನು ತಂದೊಪ್ಪಿಸಲಿ. ದಾನಿಗಳು ಒಂದು ಭದ್ರವಾದ ಕಪಾಟನ್ನೂ ಪ್ರತಿ ತೆಗೆಯುವ ವೆಚ್ಚವನ್ನೂ ವಹಿಸಲಿ. ಕಟ್ಟಡವು ಜೀರ್ಣವಾದರೆ ಮತ್ತೆ ಕಟ್ಟಬಹುದು. ನಾಶವಾದ ದಾಖಲೆಯನ್ನು ಮತ್ತೆ ಬರೆಯಲಾಗದು.