ಮೇ ತಿಂಗಳ ಹಿಮಕ್ಕೊಂದು ವೇಳಾಪಟ್ಟಿ

ಸಿಯಾಟಲ್ ಕಡೆ ನೆಲೆಸಿ, ಒಂದೆರಡು ಚಳಿಗಾಲ ರೆಸಾರ್ಟಿನಲ್ಲಿ ಸ್ಕೀ ಕಲಿತ ಕನ್ನಡಿಗರಿಗಾಗಿ ಈ ಬರಹ. ವಸಂತದಲ್ಲಿ ಲಿಫ್ಟುಗಳು ನಿಂತ ಮೇಲೂ ಮೌಂಟ್ ರೇನಿಯರ್‌ನ ದಕ್ಷಿಣ ಮಗ್ಗುಲಿನ ಪ್ಯಾರಡೈಸ್‌ನಲ್ಲಿ ಹಿಮ ಇದ್ದೇ ಇರುತ್ತದೆ. 5,400 ಅಡಿ ಎತ್ತರದ ಈ ಜಾಗದವರೆಗೆ ಕಾರು ಹೋಗುತ್ತದೆ. 1971–72ರ ಚಳಿಗಾಲದಲ್ಲಿ ಇಲ್ಲಿ ಬಿದ್ದ ಹಿಮ 1,122 ಅಂಗುಲ, ಅಂದರೆ 28 ಮೀಟರಿಗೂ ಹೆಚ್ಚು. ಅದರ ಅರ್ಧ ಬಿದ್ದರೂ ಮೇ ತಿಂಗಳಲ್ಲಿ ಸ್ಕೀಗೆ ಬರವಿಲ್ಲ.

ಸ್ಕೀಯ ತಳಕ್ಕೆ ‘ಸ್ಕಿನ್’ ಎಂಬ ಪಟ್ಟಿ ಅಂಟಿಸಿ ಹತ್ತುತ್ತೇವೆ. ಪಟ್ಟಿಯ ರೋಮ ಒಂದೇ ದಿಕ್ಕಿಗೆ ಮಲಗಿರುವುದರಿಂದ ಸ್ಕೀ ಮುಂದಕ್ಕೆ ಸರಿಯುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಮೇಲೆ ಹೋಗಿ ಅದನ್ನು ಕಿತ್ತು ಮಡಚಿಟ್ಟು ಇಳಿಯುವುದು. ಇದನ್ನು ಕಲಿಯಲು ಒಂದು ಬೆಳಗು ಸಾಕು. ರೆಸಾರ್ಟಿನಲ್ಲಾದರೆ ಯಾವ ಇಳಿಜಾರು ತೆರೆಯಬೇಕು, ಯಾವುದನ್ನು ಮುಚ್ಚಬೇಕು ಎಂದು ಬೇರೆಯವರು ತೀರ್ಮಾನಿಸಿರುತ್ತಾರೆ. ಇಲ್ಲಿ ಆ ಕೆಲಸ ನಿಮ್ಮದೇ, ಅದಕ್ಕೆ ಅಭ್ಯಾಸ ಬೇಕು.

ಮೊದಲು ರಾತ್ರಿಯ ವಿಚಾರ. ಹಗಲು ಕರಗಿದ ಹಿಮ ರಾತ್ರಿ ಮತ್ತೆ ಹೆಪ್ಪುಗಟ್ಟಬೇಕು. ಹೀಗೆ ದಿನವೂ ಕರಗಿ, ಗಟ್ಟಿಯಾಗಿ ಹಿಮದ ಕಣಗಳು ಸಬ್ಬಕ್ಕಿಯಂತೆ ಗುಂಡಗಾಗುತ್ತವೆ. ಅಮೆರಿಕದವರು ‘ಕಾರ್ನ್’ ಎಂದು ಚಪ್ಪರಿಸುವುದು ಈ ಹಿಮವನ್ನೇ. ಆಕಾಶ ಶುಭ್ರವಾಗಿದ್ದರೆ ಹಿಮದ ಮೈಶಾಖ ಮೇಲಕ್ಕೆ ಹೋಗಿಬಿಡುತ್ತದೆ, ಗಾಳಿಯ ಉಷ್ಣಾಂಶ ಸೊನ್ನೆಗಿಂತ ತುಸು ಮೇಲಿದ್ದರೂ ಮೇಲ್ಪದರ ಗಟ್ಟಿಯಾಗುತ್ತದೆ. ಮೋಡ ಕವಿದರೆ ಶಾಖ ಅಲ್ಲೇ ಉಳಿದು, ಬೆಳಗ್ಗೆ ಗಂಜಿಯಂಥ ಹಿಮ. ಅಂಥ ದಿನ ಹೊರಡಬೇಡಿ. ನಾರ್ತ್‌ವೆಸ್ಟ್ ಅವಲಾಂಚ್ ಸೆಂಟರ್‌ನ ದಿನನಿತ್ಯದ ಹಿಮಕುಸಿತ ಮುನ್ಸೂಚನೆ ವಸಂತದಲ್ಲಿ ನಿಂತುಹೋಗುತ್ತದೆ. ಆದರೆ ಪ್ಯಾರಡೈಸ್‌ನಲ್ಲೂ ಮೇಲಿನ ಕ್ಯಾಂಪ್ ಮ್ಯೂರ್‌ನಲ್ಲೂ ಅವರ ಹವಾಮಾನ ಯಂತ್ರಗಳಿವೆ. ಗಂಟೆಗಂಟೆಯ ಉಷ್ಣಾಂಶವನ್ನು ಹೊರಡುವ ಮುನ್ನ ಫೋನಿನಲ್ಲೇ ನೋಡಬಹುದು. ಹೊಸ ಹಿಮ ಬಿದ್ದ ಮರುದಿನದ ಚೆಂದದ ಬಿಸಿಲನ್ನು ಮಾತ್ರ ನಂಬಬೇಡಿ, ಆ ಮೊದಲ ಬಿಸಿಲಿಗೇ ಹಸಿ ಹಿಮ ಕಳಚಿಕೊಳ್ಳುವುದು.

ಇನ್ನು ಗಡಿಯಾರ. ಮೊದಲ ಪ್ರವಾಸಕ್ಕೆ ಪ್ಯಾರಡೈಸ್‌ನಿಂದ ಪೆಬಲ್ ಕ್ರೀಕ್ (7,200 ಅಡಿ) ಸಾಕು: ಏರು ಸುಮಾರು 550 ಮೀಟರ್, ದೂರ ಸುಮಾರು ಮೂರೂವರೆ ಕಿಲೋಮೀಟರ್. ಹತ್ತುವ ಸಮಯ ಅಂದಾಜಿಸುವ ಮುಂಟರ್ ಲೆಕ್ಕದಲ್ಲಿ 100 ಮೀಟರ್ ಏರು ಒಂದು ಅಂಕ, ಒಂದು ಕಿಲೋಮೀಟರ್ ದೂರ ಇನ್ನೊಂದು ಅಂಕ. ಒಟ್ಟು ಒಂಬತ್ತು. ಪಳಗಿದವರು ಗಂಟೆಗೆ ನಾಲ್ಕು ಅಂಕ ಹತ್ತುತ್ತಾರೆ. ಹೊಸಬರಿದ್ದರೆ ನಾನು ಮೂರು ಹಿಡಿಯುತ್ತೇನೆ, ಸ್ಕಿನ್ ಕಳಚುವುದು, ಬೂಟು ಕಚ್ಚುವುದು ಎಲ್ಲ ಸೇರಿ. ಅಲ್ಲಿಗೆ ಮೂರು ಗಂಟೆ. ದಕ್ಷಿಣಕ್ಕೆ ಮುಖ ಮಾಡಿದ ಈ ಇಳಿಜಾರು ಹದವಾಗುವುದು ಹತ್ತರ ಸುಮಾರಿಗೆ ಎಂದಿಟ್ಟುಕೊಳ್ಳಿ, ಅರ್ಧ ಗಂಟೆ ಮೊದಲೇ ತಲುಪುವಂತೆ ಹಿಂದಕ್ಕೆ ಎಣಿಸಿದರೆ ಆರೂವರೆಗೆ ಕಾರು ಬಿಡಬೇಕು. ಪ್ಯಾರಡೈಸ್‌ಗೆ ಹೋಗುವ ರಸ್ತೆಯಲ್ಲಿರುವ ಲಾಂಗ್‌ಮೈರ್‌ನ ಗೇಟ್ ಎಷ್ಟಕ್ಕೆ ತೆರೆಯುತ್ತದೆ ಎಂದು ಹಿಂದಿನ ದಿನವೇ ವಿಚಾರಿಸಿ. ಅದು ತಡವಾಗಿ ತೆರೆಯುವ ದಿನ ಈ ಯೋಜನೆ ಕೈಬಿಡಿ.

ಹದವನ್ನು ಕಾಲಿನಿಂದಲೇ ನೋಡಬೇಕು. ಸ್ಕೀ ಬಿಚ್ಚಿ ಬೂಟಿನಲ್ಲಿ ನಿಲ್ಲಿ. ಮೇಲಿನ ಒಂದೆರಡು ಅಂಗುಲ ಮೆತ್ತಗಾಗಿ ಅದರಡಿ ಗಟ್ಟಿ ಸಿಕ್ಕರೆ ಇಳಿಯುವ ಹೊತ್ತು. ಕಣಕಾಲು ದಾಟಿ ಹೂತುಹೋದರೆ ತಡವಾಗಿದೆ. ಹಿಮದ ಉಂಡೆಗಳು ತಾವಾಗಿ ಉರುಳತೊಡಗಿದ್ದರಂತೂ ಕಡಿದಾದ ಜಾಗದ ಮೇಲೂ ಬೇಡ, ಕೆಳಗೂ ಬೇಡ.

ಕಡಿದು ಅಂದರೆ 30 ಡಿಗ್ರಿಗಿಂತ ಹೆಚ್ಚು. ಹಿಮಕುಸಿತಗಳು ಬಹುಪಾಲು 30ರಿಂದ 45 ಡಿಗ್ರಿ ಇಳಿಜಾರಿನಲ್ಲೇ ಹುಟ್ಟುತ್ತವೆ. ನಮ್ಮ ದಾರಿಯಲ್ಲಿ ಪನೋರಮಾ ಪಾಯಿಂಟ್‌ನ ಎದುರು ಮೈ ಹಾಗಿದೆ. ಹಿಮದ ಬಗ್ಗೆ ಗುಮಾನಿ ಬಂದರೆ ಅದರ ಕೆಳಗೆ, ದೂರದಲ್ಲೇ ತಿರುಗಿ. ಪೂರ್ವಕ್ಕಿರುವ ಮಜಾಮ ರಿಡ್ಜ್‌ನ ಸೌಮ್ಯ ಇಳಿಜಾರುಗಳನ್ನು ಬದಲಿ ಯೋಜನೆಯಾಗಿ ನಕ್ಷೆಯಲ್ಲಿ ಮೊದಲೇ ಗುರುತಿಸಿಟ್ಟಿರಿ. ರೇನಿಯರ್‌ನ ಮೋಡ ನೋಡನೋಡುತ್ತ ಕವಿಯುತ್ತದೆ, ನೆಲ ಯಾವುದು, ಬಾನು ಯಾವುದು ತಿಳಿಯದು. ಹತ್ತಿದ ಜಾಡು ನೆಟ್‌ವರ್ಕ್ ಇಲ್ಲದಿದ್ದರೂ ಫೋನಿನಲ್ಲಿ ತೆರೆಯುವಂತಿರಬೇಕು.

ಹಿಮದಡಿ ಹೂತವರನ್ನು ಹುಡುಕಿ ತೆಗೆಯಲು ಬೀಕನ್, ಪ್ರೋಬ್, ಸಲಿಕೆ ಒಬ್ಬೊಬ್ಬರ ಬಳಿಯೂ ಇರಲಿ, ಬಳಸುವುದನ್ನು ಒಂದು ತರಬೇತಿಯಲ್ಲಿ ಕಲಿತಿರಲಿ. ಹೂತವರು ಬದುಕುವ ಸಾಧ್ಯತೆ ಮೊದಲ 10–15 ನಿಮಿಷದ ನಂತರ ಸರ್ರನೆ ಇಳಿಯುತ್ತದೆ, ಹೊರಗಿನವರು ಬರುವುದು ಅದಕ್ಕಿಂತ ಬಹಳ ತಡ. ಪಾರ್ಕಿಂಗಿನಲ್ಲೇ ಒಬ್ಬೊಬ್ಬರನ್ನೂ ದಾಟಿಸಿ ಬೀಕನ್ ಸಂಕೇತ ಪರೀಕ್ಷಿಸಿ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನದವರ ವೇಗವೇ ಗುಂಪಿನ ವೇಗ. ಅವರು “ನನಗೆ ಸಾಕು” ಎಂದರೆ ಕಾರಣ ಕೇಳದೆ ಎಲ್ಲರೂ ತಿರುಗಬೇಕು, ಈ ಒಪ್ಪಂದ ಕಾರು ಹತ್ತುವ ಮುನ್ನ ಆಗಿರಲಿ.

ಪೆಬಲ್ ಕ್ರೀಕ್ ಮುಟ್ಟಿದಾಗ ಯಾರಾದರೊಬ್ಬರು “ಇಷ್ಟು ದೂರ ಬಂದಿದ್ದೀವಿ, ಮ್ಯೂರ್ ನೋಡೇಬಿಡೋಣ” ಅನ್ನುತ್ತಾರೆ. ಅಲ್ಲಿಗೆ ಇನ್ನೂ ಸುಮಾರು 3,000 ಅಡಿ ಏರು, ಮೂರೂವರೆ ಕಿಲೋಮೀಟರ್ ದಾರಿ. ಅದೇ ಲೆಕ್ಕ ಹಾಕಿದರೆ ನಾಲ್ಕು ಗಂಟೆಗೂ ಮೇಲೆ. ಇಳಿಯುವಾಗ ಮಧ್ಯಾಹ್ನ ಎರಡು ದಾಟಿರುತ್ತದೆ, ಪನೋರಮಾ ಪಾಯಿಂಟ್‌ನ ಆ ಮೈ ಬೆಳಗಿನಿಂದ ಬಿಸಿಲು ಕುಡಿದಿರುತ್ತದೆ. ಲೆಕ್ಕವನ್ನು ಅವರ ಕೈಗೇ ಕೊಡಿ, ಆಮೇಲೆ ಬುತ್ತಿ ಬಿಚ್ಚಿ.